ಬೆಟ್ಟ ಹತ್ತುವವರ ಬ್ಯಾಗಿನಲ್ಲಿ ಎಂಥ ಚಾಕು ಇರಬೇಕು?

ರೇಷ್ಮೆಗೂಡು, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಭಾನುವಾರ ಬಂದರೆ ಸಾಕು, ಬೆಟ್ಟ ಹತ್ತುತ್ತೇನೆ. ಸ್ಕಂದಗಿರಿ, ಆವಲಬೆಟ್ಟ, ಕೈವಾರದ ಬೆಟ್ಟ ಆಗಿದೆ. ಮುಂದೆ ಮಧುಗಿರಿಗೆ ಹೋಗಬೇಕು, ಆಮೇಲೆ ದೇವರಾಯನದುರ್ಗ. ಹೆಚ್ಚಿನ ಸಲ ಒಬ್ಬನೇ ಹೋಗುತ್ತೇನೆ, ಕೆಲವು ಸಲ ಒಬ್ಬ ಸ್ನೇಹಿತ ಜೊತೆಗಿರುತ್ತಾನೆ.

ಮನೆಯಲ್ಲಿ ಅಪ್ಪನಿಗೆ ಭಯ. "ಒಬ್ಬನೇ ಹೋಗ್ತೀಯ, ಚಿರತೆ ಇದೆ, ಕರಡಿ ಇದೆ, ಕೆಟ್ಟ ಜನ ಇದ್ದಾರೆ, ಕೈಯಲ್ಲಿ ಏನಾದರೂ ಇಟ್ಟುಕೋ" ಎಂದು ದಿನಾ ಹೇಳುತ್ತಾರೆ. ಸೊಪ್ಪು ಕೊಯ್ಯುವ ಕುಡುಗೋಲು ತೆಗೆದುಕೊಂಡು ಹೋಗು ಅಂತಾನೂ ಒಂದು ಸಲ ಹೇಳಿದರು. ಆನ್‌ಲೈನ್‌ನಲ್ಲಿ ಒಂದು ಚಾಕು ನೋಡಿದ್ದೇನೆ. 12 ಇಂಚಿನ ಅಲಗು, ಬೆನ್ನಿನ ಮೇಲೆ ಗರಗಸದ ಹಲ್ಲು, ಹಿಡಿಯ ಒಳಗೆ ದಿಕ್ಸೂಚಿ ಮತ್ತು ಬೆಂಕಿಕಡ್ಡಿ ಇಡುವ ಜಾಗ. ನೋಡಲು ಚೆನ್ನಾಗಿದೆ, ಬೆಲೆಯೂ ಕೈಗೆಟುಕುವಂತಿದೆ.

ತೆಗೆದುಕೊಳ್ಳಲಾ? ಬಸ್ಸಿನಲ್ಲಿ ಒಯ್ದರೆ ಪೊಲೀಸರು ಹಿಡಿಯುತ್ತಾರಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ತೆಂಗಿನತೋಟ, ಗುಬ್ಬಿ

ತಮ್ಮಾ, ಆ ಆನ್‌ಲೈನ್ ಚಾಕು ಬೇಡ. ಹಿಡಿ ಪೊಳ್ಳಾಗಿರುವ ಚಾಕು ಒಂದು ದಪ್ಪ ಕೊಂಬೆಗೆ ಎರಡು ಏಟು ಹಾಕುವಷ್ಟರಲ್ಲಿ ಬುಡದಲ್ಲೇ ಕಿತ್ತುಕೊಂಡು ಬರುತ್ತದೆ. ನಮ್ಮ ತೋಟಕ್ಕೆ ಬಂದ ಹುಡುಗನೊಬ್ಬ ಅಂಥದ್ದೇ ತಂದಿದ್ದ. ಅಲಗು ಹಾರಿ ಹೋಗಿ ಬಾಳೆಗಿಡಕ್ಕೆ ಚುಚ್ಚಿಕೊಂಡಿತು. ಅಲ್ಲಿ ಮನುಷ್ಯ ನಿಂತಿದ್ದರೆ ಏನಾಗುತ್ತಿತ್ತು ಅಂತ ಯೋಚಿಸು.

ನನ್ನನ್ನು ಕೇಳಿದರೆ ಮಚ್ಚೇ ಸರಿ. ನಾವು ಎಳನೀರು ಕೆತ್ತುವುದು, ಗರಿ ಸವರುವುದು, ಬೇಲಿ ಕಡಿಯುವುದು ಎಲ್ಲಾ ಅದರಲ್ಲೇ. 2019ರ ಕೊನೆಯಲ್ಲಿ, 2020ರಲ್ಲಿ ನಮ್ಮ ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕಿನಲ್ಲಿ ಚಿರತೆ ಮನುಷ್ಯರನ್ನೇ ಕೊಂದಿತ್ತು. ಆ ತಿಂಗಳುಗಳಲ್ಲಿ ಸಂಜೆ ನೀರು ಕಟ್ಟಲು ಹೋಗುವವರು ಯಾರೂ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಅಪ್ಪ ಹೇಳುವುದರಲ್ಲಿ ತಪ್ಪಿಲ್ಲ.

ಕೋರ್ಟ್ ರಸ್ತೆ, ಕೋಲಾರ

ನಾನು ವಕೀಲ. ಗುಬ್ಬಿಯ ಅಣ್ಣ ತಮ್ಮ ತೋಟದಲ್ಲಿ ಮಚ್ಚು ಹಿಡಿಯುವುದಕ್ಕೂ, ಈ ಹುಡುಗ ಶಿಡ್ಲಘಟ್ಟದಿಂದ ಮಧುಗಿರಿಯವರೆಗೆ ಬಸ್ಸಿನಲ್ಲಿ ಮಚ್ಚು ಒಯ್ಯುವುದಕ್ಕೂ ಬಹಳ ವ್ಯತ್ಯಾಸ ಇದೆ. ಅದಕ್ಕೆ ಕಾನೂನಿನ ವಿಷಯ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ, ಅದರ ಕೆಳಗೆ 2016ರ ನಿಯಮಗಳಿವೆ. ಬಂದೂಕು ಬಿಟ್ಟು ಬೇರೆ ಆಯುಧಗಳ ಪಟ್ಟಿಯಲ್ಲಿ ಕತ್ತಿ, ಬಾಕು, ಭರ್ಜಿ ಜೊತೆ ಚಾಕುವೂ ಬರುತ್ತದೆ. ಅಲ್ಲಿ ಹೇಳಿರುವ ಅಳತೆ ಇದು: ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗಾಗಿ ಮಾಡಿದ ಉಪಕರಣಗಳನ್ನು ಇದರಿಂದ ಹೊರಗಿಟ್ಟಿದ್ದಾರೆ. ನೀನು ನೋಡಿರುವ 12 ಇಂಚಿನದ್ದು ಅಡುಗೆಗೂ ಅಲ್ಲ, ಬೇಸಾಯಕ್ಕೂ ಅಲ್ಲ. ಅಳತೆಯೂ ದಾಟಿದೆ. ಅದನ್ನು ಕೊಳ್ಳಬೇಡ.

ಮಚ್ಚು, ಕುಡುಗೋಲು ಬೇಸಾಯದ ಉಪಕರಣ, ನಿಜ. ಆದರೆ ತೋಟದಲ್ಲಿ ಉಪಕರಣವಾದದ್ದು ರಾತ್ರಿ ಬಸ್ ನಿಲ್ದಾಣದಲ್ಲಿ ಹಾಗೇ ಕಾಣುವುದಿಲ್ಲ. ಯಾಕೆ ತಂದೆ, ಎಲ್ಲಿಗೆ ಒಯ್ಯುತ್ತಿದ್ದೀಯ ಎಂದು ಕೇಳುತ್ತಾರೆ. "ಯಾರಾದರೂ ಬಂದರೆ ಇರಲಿ ಅಂತ" ಎಂದು ಹೇಳಿದರೆ ನಿನ್ನ ಬಾಯಿಂದಲೇ ಅದು ಆಯುಧವಾಯಿತು. "ಬೆಟ್ಟಕ್ಕೆ ಹೋಗುತ್ತಿದ್ದೇನೆ, ಹಣ್ಣು ಹೆಚ್ಚಲು, ಹಗ್ಗ ಕತ್ತರಿಸಲು" ಎಂದರೆ, ಬ್ಯಾಗಿನೊಳಗೆ ಒರೆಯಲ್ಲಿ ಒಂದು ಗೇಣು ಕೂಡ ಇಲ್ಲದ ಚಾಕು ಇದ್ದರೆ, ಮಾತು ಅಲ್ಲಿಗೆ ಮುಗಿಯುತ್ತದೆ.

ಇನ್ನೊಂದು ವಿಷಯ ಜನರಿಗೆ ಗೊತ್ತಿರುವುದಿಲ್ಲ. ಚುನಾವಣೆ, ಗಲಾಟೆ, ದೊಡ್ಡ ಮೆರವಣಿಗೆ ಇರುವಾಗ ಜಿಲ್ಲಾಡಳಿತ ನಿಷೇಧಾಜ್ಞೆ ಹಾಕುತ್ತದೆ. ಹಿಂದೆ ಎಲ್ಲರೂ 144 ಎನ್ನುತ್ತಿದ್ದೆವು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಕಲಂನಲ್ಲೂ ಇಂಥ ಅಧಿಕಾರ ಇದೆ. ಅಂಥ ಆದೇಶದಲ್ಲಿ ಚಾಕು, ದೊಣ್ಣೆ ಎಲ್ಲಾ ಸೇರಿಸುತ್ತಾರೆ. ಆಗ ಅಳತೆಯ ಲೆಕ್ಕ ನಡೆಯುವುದಿಲ್ಲ. ಹೊರಡುವ ಮುಂಚೆ ಪೇಪರ್ ನೋಡಿಕೊ.

ಕಾಡಿನ ವಿಷಯ ಇನ್ನೂ ಬಿಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ "ಆಯುಧ" ಎಂಬ ಪದದ ಅರ್ಥದಲ್ಲೇ ಚಾಕು ಇದೆ. ಬಲೆ, ಉರುಲು, ಕೊಕ್ಕೆ ಜೊತೆಯಲ್ಲೇ ಚಾಕುವನ್ನೂ ಬರೆದಿದ್ದಾರೆ. ಅಭಯಾರಣ್ಯದೊಳಗೆ ಲಿಖಿತ ಅನುಮತಿ ಇಲ್ಲದೆ ಆಯುಧ ಒಯ್ಯಬಾರದು ಎಂದು 31ನೇ ಕಲಂ ಹೇಳುತ್ತದೆ. ಅಲ್ಲಿ ಇಂಚಿನ ಮಾತೇ ಇಲ್ಲ. ಶಿರಾ ಕಡೆ ಬುಕ್ಕಾಪಟ್ಟಣದ ಚಿಂಕಾರ ಅಭಯಾರಣ್ಯಕ್ಕೆ ಹೋಗುವವರು ಚಾಕು ಮನೆಯಲ್ಲೇ ಬಿಟ್ಟು ಹೋಗಿ. ಅರಣ್ಯ ಇಲಾಖೆ ಟಿಕೆಟ್ ಕೊಡುವ ಬೆಟ್ಟಗಳಲ್ಲಿ ಗೇಟಿನಲ್ಲೇ ಕೇಳಿ, ಇಟ್ಟು ಹೋಗಿ ಎಂದರೆ ಇಟ್ಟು ಹೋಗಿ.

ಅಂತರಗಂಗೆ ಅಕ್ಕ, ಕೋಲಾರ

ವಕೀಲರು ಹೇಳಿದ್ದಕ್ಕೆ ಧನ್ಯವಾದ. ನಾನು ಕಾನೂನು ಬಿಟ್ಟು ಬೇರೆ ಕಡೆಯಿಂದ ಬರುತ್ತೇನೆ.

ತಮ್ಮಾ, ಕಳೆದ ಒಂದು ವರ್ಷದಲ್ಲಿ ಬೆಟ್ಟದ ಮೇಲೆ ನಿನಗೆ ಚಾಕು ಬೇಕು ಅನ್ನಿಸಿದ್ದು ಎಷ್ಟು ಸಲ? ಅದನ್ನು ಒಂದು ಚೀಟಿಯಲ್ಲಿ ಬರೆ. ನಾನು ಬರೆದಿದ್ದೆ. ಸೌತೆಕಾಯಿ, ಮಾವಿನಹಣ್ಣು ಹೆಚ್ಚಲು. ಬಿಸ್ಕತ್ ಪೊಟ್ಟಣ ತೆಗೆಯಲು. ಕಿತ್ತುಹೋದ ಬ್ಯಾಗಿನ ಪಟ್ಟಿಗೆ ದಾರ ಕತ್ತರಿಸಲು. ಹಿಮ್ಮಡಿಗೆ ಹಾಕುವ ಪ್ಲಾಸ್ಟರ್ ಕತ್ತರಿಸಲು. ಒಂದು ಸಲ ಸೀಮೆಜಾಲಿ ಮುಳ್ಳು ಶೂ ಒಳಗೆ ಮುರಿದುಕೊಂಡಾಗ. ಒಂದು ಸಲ ನೈಲಾನ್ ಬಲೆಯಲ್ಲಿ ಸಿಕ್ಕಿಕೊಂಡ ಮೇಕೆಮರಿ ಬಿಡಿಸಲು. ಇಷ್ಟೇ. ಇದರಲ್ಲಿ 4 ಇಂಚಿಗಿಂತ ಉದ್ದದ ಅಲಗು ಬೇಕಾದ ಕೆಲಸ ಒಂದೂ ಇಲ್ಲ.

ಇನ್ನೊಂದು. ಅಂತರಗಂಗೆಯ ಗುಹೆಗಳನ್ನು ನೋಡಿದ್ದೀಯಲ್ವಾ? ಬಂಡೆ ಮೇಲೆ ಬಂಡೆ ಬಿದ್ದು ಆದ ಸಂದುಗಳು. ಕೆಲವು ಕಡೆ ಉಸಿರು ಬಿಟ್ಟು ಮೈ ಚಿಕ್ಕದು ಮಾಡಿಕೊಂಡು ನುಸುಳಬೇಕು. ಸೊಂಟಕ್ಕೆ ಚಾಕು ಕಟ್ಟಿಕೊಂಡಿದ್ದ ಒಬ್ಬ ಹುಡುಗ ನಮ್ಮ ಗುಂಪಿನಲ್ಲಿ ಅಂಥ ಸಂದಿನಲ್ಲಿ ಸಿಕ್ಕಿಕೊಂಡ. ಒರೆ ಬಂಡೆಗೆ ತಗುಲಿ ಮೇಲೆ ತಿರುಗಿತು, ಚಾಕು ಜಾರಿ ಅರ್ಧ ಹೊರಗೆ ಬಂತು. ಹಿಂದೆ ಇದ್ದವಳು ನಾನು. ಮೊನೆ ನನ್ನ ಮುಖದಿಂದ ಒಂದು ಅಡಿ ದೂರದಲ್ಲಿತ್ತು. ಅವತ್ತಿನಿಂದ ನಮ್ಮ ಗುಂಪಿನಲ್ಲಿ ಚಾಕು ಇರುವುದು ಬ್ಯಾಗಿನ ಒಳಗೆ ಮಾತ್ರ. ಸೊಂಟದಲ್ಲಿ ಬೇಡ, ಜೇಬಿನಲ್ಲಿ ಬೇಡ, ಕೊರಳಿಗಂತೂ ಬೇಡವೇ ಬೇಡ.

ತೆಂಗಿನತೋಟ, ಗುಬ್ಬಿ

ಅಕ್ಕ ಹೇಳಿದ್ದು ಮನಸ್ಸಿಗೆ ನಾಟಿತು. ವಕೀಲರ ಮಾತೂ ಸರಿ. ನಾನು ತೋಟದ ಲೆಕ್ಕದಲ್ಲೇ ಮಾತಾಡಿದ್ದೆ.

ಚಿರತೆ ವಿಷಯದಲ್ಲೂ ನಿಜ ಹೇಳಬೇಕು. ಆ ದಿನಗಳಲ್ಲಿ ಎಲ್ಲರ ಕೈಯಲ್ಲೂ ಮಚ್ಚು ಇತ್ತು. ಆದರೆ ನಮ್ಮನ್ನು ಕಾಪಾಡಿದ್ದು ಅದಲ್ಲ. ಇಬ್ಬರು ಮೂವರು ಒಟ್ಟಿಗೆ ಹೋಗುತ್ತಿದ್ದೆವು, ದೊಡ್ಡ ಟಾರ್ಚ್ ಇತ್ತು, ಮೊಬೈಲಿನಲ್ಲಿ ಜೋರಾಗಿ ಹಾಡು ಹಾಕಿಕೊಳ್ಳುತ್ತಿದ್ದೆವು. ಮಕ್ಕಳನ್ನು ಹೊತ್ತು ಮುಳುಗಿದ ಮೇಲೆ ಹೊರಗೆ ಬಿಡಲಿಲ್ಲ. ಚಿರತೆ ಹಿಂದಿನಿಂದ ಬರುತ್ತದೆ. ಅದು ಮೈಮೇಲೆ ಬಿದ್ದ ಮೇಲೆ ಮಚ್ಚು ಎತ್ತಲು ಯಾರಿಗೂ ಹೊತ್ತು ಸಿಗುವುದಿಲ್ಲ.

ಕರಡಿ ಇನ್ನೂ ಕಷ್ಟ. ಮಧುಗಿರಿ, ಪಾವಗಡ, ಕೊರಟಗೆರೆ ಕಡೆ ಕಲ್ಲುಗುಡ್ಡಗಳಲ್ಲಿ ಇವೆ. ಕರಡಿ ಬೇಟೆಗೆ ಅಂತ ಮನುಷ್ಯನ ಮೇಲೆ ಬರುವುದಿಲ್ಲ. ಬೆಳಗಿನ ಜಾವ, ಸಂಜೆ ತಿರುವಿನಲ್ಲಿ ದಿಢೀರ್ ಎದುರಾದರೆ ಗಾಬರಿಯಲ್ಲಿ ಬೀಳುತ್ತದೆ. ನೀನು ಮಾತಾಡುತ್ತಾ, ಕೋಲು ಕುಟ್ಟುತ್ತಾ ಹೋದರೆ ಅದೇ ದೂರ ಸರಿಯುತ್ತದೆ. ಒಂದು ಒಳ್ಳೆ ಬಿದಿರು ಕೋಲು ಇಟ್ಟುಕೊ. ಇಳಿಯುವಾಗ ಮಂಡಿಗೂ ಒಳ್ಳೆಯದು.

ದುರ್ಗದ ದಾರಿ, ತುಮಕೂರು

ದೇವರಾಯನದುರ್ಗಕ್ಕೆ ಬರುವವರಿಗೆ ಒಂದು ಮಾತು. ಅಲ್ಲಿ ಕೋತಿಗಳು ಜಾಸ್ತಿ. ಕೈಯಲ್ಲಿ ತಿಂಡಿ ಕಂಡರೆ ಕಿತ್ತುಕೊಳ್ಳುತ್ತವೆ. ದಯವಿಟ್ಟು ಚಾಕು ತೋರಿಸಿ ಹೆದರಿಸಲು ಹೋಗಬೇಡಿ. ತಿಂಡಿ ಬಿಟ್ಟುಕೊಡಿ. ಬಂಡೆಯ ಮೇಲೆ ಹೆಜ್ಜೇನು ಇದ್ದರೂ ಅಷ್ಟೇ, ಹೊಗೆ ಬೇಡ, ಕೂಗಾಟ ಬೇಡ, ಸೆಂಟ್ ಹಾಕಿಕೊಂಡು ಹೋಗಬೇಡಿ.

ಕುಲುಮೆ ಮನೆ, ಮಧುಗಿರಿ

ನಮ್ಮ ತಾತ, ಅಪ್ಪ ಇಬ್ಬರೂ ಕುಲುಮೆ ಕೆಲಸ ಮಾಡಿದವರು. ನಾನು ಬೇರೆ ಕೆಲಸದಲ್ಲಿದ್ದೇನೆ. ಆದರೆ ಚಿಕ್ಕಂದಿನಲ್ಲಿ ತಿದಿ ಒತ್ತಿದ ಕೈ ಇದು. ಅಲಗಿನ ಬಗ್ಗೆ ಯಾರೂ ಇನ್ನೂ ಬರೆದಿಲ್ಲ, ಅದಕ್ಕೆ ಬರೆಯುತ್ತೇನೆ.

ಊರಿನ ಕುಲುಮೆಯಲ್ಲಿ ಒಳ್ಳೆಯ ಚಾಕು, ಮಚ್ಚು ಆಗುವುದು ಲಾರಿ ಕಮಾನ್ ಪಟ್ಟಿಯಿಂದ. ಬಗ್ಗಿ ಮತ್ತೆ ನೆಟ್ಟಗಾಗುವ ಗುಣ ಇರುವ ಉಕ್ಕು ಅದು. ಅದರಲ್ಲಿ ಇಂಗಾಲ ಸುಮಾರು ನೂರಕ್ಕೆ ಅರ್ಧದಿಂದ ಮುಕ್ಕಾಲು ಪಾಲು. ಗೇಟು ಕಿಟಕಿ ಮಾಡುವ ಕಬ್ಬಿಣದಲ್ಲಿ ಅಷ್ಟು ಇರುವುದಿಲ್ಲ, ಅದಕ್ಕೆ ಎಷ್ಟು ಮಸೆದರೂ ಬಾಯಿ, ಅಂದರೆ ಹರಿತದ ಅಂಚು, ನಿಲ್ಲುವುದಿಲ್ಲ. ಪಟ್ಟಿಯನ್ನು ಕೆಂಪಗೆ ಕಾಯಿಸಿ ಬಡಿದು ಆಕಾರ ಕೊಡುತ್ತಾರೆ. ಆಮೇಲೆ ಹದ. ಅಪ್ಪ ಕಾದ ಅಲಗಿಗೆ ಅಯಸ್ಕಾಂತ ಹಿಡಿದು ನೋಡುತ್ತಿದ್ದರು. ಅಂಟದೇ ಹೋದರೆ ಕಾವು ಸಾಕಷ್ಟು ಏರಿದೆ ಎಂದು ಲೆಕ್ಕ. ಅಲ್ಲಿಂದ ಇನ್ನು ಸ್ವಲ್ಪ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಿದ್ದರು. ಆಗ ಅದು ಗಾಜಿನ ಹಾಗೆ ಗಡುಸು, ಕೈ ಜಾರಿ ಬಿದ್ದರೆ ಮುರಿಯುತ್ತದೆ. ಆದ್ದರಿಂದ ಉಜ್ಜಿ ಹೊಳಪು ಮಾಡಿ ಮತ್ತೆ ಮೆಲ್ಲಗೆ ಕಾಯಿಸಬೇಕು. ಅಲಗಿನ ಮೇಲೆ ಒಣಹುಲ್ಲಿನ ಬಣ್ಣ ಓಡಿದಾಗ ನಿಲ್ಲಿಸಬೇಕು. ಅದು 200 ಡಿಗ್ರಿ ಸೆಲ್ಸಿಯಸ್ ದಾಟಿ ಸ್ವಲ್ಪ ಮೇಲೆ. ನೀಲಿ ಬಂದರೆ ಕೈಮೀರಿತು, ಚಾಕಿನ ಬಾಯಿ ಮೆತ್ತಗಾಯಿತು.

ಈ ಬಣ್ಣದ ಮಾತು ನಿಮಗೂ ಕೆಲಸಕ್ಕೆ ಬರುತ್ತದೆ. ಸಾಣೆ ಹಿಡಿಸಲು ಕರೆಂಟ್ ಗ್ರೈಂಡರ್ ಇಟ್ಟವರ ಹತ್ತಿರ ಕೊಟ್ಟರೆ ಕಿಡಿ ಹಾರಿಸಿ ಒಂದು ನಿಮಿಷದಲ್ಲಿ ಕೊಡುತ್ತಾರೆ. ಬಾಯಿಯ ಅಂಚು ನೀಲಿಯಾಗಿದೆಯಾ ನೋಡಿ. ಆಗಿದ್ದರೆ ಅಲ್ಲಿ ಹದ ಹೋಯಿತು. ಎರಡು ದಿನಕ್ಕೆ ಮತ್ತೆ ಮೊಂಡಾಗುತ್ತದೆ. ನೀರು ಹನಿಸುತ್ತಾ ಕಲ್ಲಿನ ಮೇಲೆ ಕೈಯಲ್ಲೇ ಮಸೆಯುವುದು ಒಳ್ಳೆಯದು. ಒಂದು ಬದಿಗೆ 15ರಿಂದ 20 ಡಿಗ್ರಿ ಓರೆ. ಅಂದಾಜು ಸಿಗದಿದ್ದರೆ ಹೀಗೆ ಮಾಡಿ: ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಅರ್ಧಕ್ಕೆ ವಾಲಿಸಿ, ಮತ್ತೆ ಅದರ ಅರ್ಧಕ್ಕೆ ವಾಲಿಸಿ. ಅಲ್ಲಿಗೆ ಹತ್ತಿರ ಹತ್ತಿರ ಬಂದಿರಿ. ಅದೇ ಓರೆಯನ್ನು ಕೊನೆಯವರೆಗೂ ಬಿಡದೆ ಹಿಡಿಯುವುದೇ ಕೆಲಸ. ಟೊಮೇಟೊ ಸಿಪ್ಪೆ ಒತ್ತದೆ ಕತ್ತರಿಸಿದರೆ ಸಾಕು.

ಸ್ಟೇನ್‌ಲೆಸ್ ಬೇಕಾ, ಕಮಾನ್ ಪಟ್ಟಿ ಬೇಕಾ? ಪಟ್ಟಿಯ ಚಾಕು ಬೇಗ ಹರಿತವಾಗುತ್ತದೆ, ಆದರೆ ಮಾವಿನಹಣ್ಣು ಹೆಚ್ಚಿ ಒರೆಸದೆ ಇಟ್ಟರೆ ಸಂಜೆಗೆ ಕಪ್ಪು ಕಲೆ, ನಾಳೆಗೆ ತುಕ್ಕು. ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಬೇಕು. ಅಷ್ಟು ನಿಗಾ ಇಡುವವರಿಗೆ ಇದು. ಬ್ಯಾಗಿನಲ್ಲಿ ಹಾಕಿ ಮರೆಯುವವರಿಗೆ ಸ್ಟೇನ್‌ಲೆಸ್. ಚರ್ಮದ ಒರೆಯಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಚರ್ಮ ತೇವ ಹಿಡಿದುಕೊಳ್ಳುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು ಮುಖ್ಯವಾಗಿ ಹಿಡಿ. ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಹೋಗಿರಬೇಕು, ಎರಡು ಬದಿಗೆ ಮರ ಇಟ್ಟು ರಿವೆಟ್ ಹೊಡೆದಿರಬೇಕು. ಕೈ ಒದ್ದೆ ಮಾಡಿಕೊಂಡು ಹಿಡಿದು ನೋಡಿ. ಬೆರಳು ಅಲಗಿನ ಕಡೆ ಜಾರದಂತೆ ಮುಂದೆ ಒಂದು ತಡೆ ಇರಬೇಕು. ಬೆನ್ನಿನ ಮೇಲಿನ ಗರಗಸದ ಹಲ್ಲು ಯಾವ ಮರವನ್ನೂ ಕೊಯ್ಯುವುದಿಲ್ಲ, ಒರೆಯನ್ನು ಮಾತ್ರ ಹರಿಯುತ್ತದೆ.

ಮಾವಿನ ಕಸಿ, ಶ್ರೀನಿವಾಸಪುರ

ಕುಲುಮೆ ಮನೆಯವರು ಬರೆದದ್ದನ್ನು ಎರಡು ಸಲ ಓದಿದೆ. ನಮ್ಮ ಕಸಿ ಚಾಕು ವಿಷಯದಲ್ಲೂ ಇದೇ ಸತ್ಯ. ಮೊಂಡು ಚಾಕಿನಿಂದ ಕಸಿ ಕಡ್ಡಿ ಸೀಳಿದರೆ ಕಸಿ ಹಿಡಿಯುವುದಿಲ್ಲ, ಕೈಗೂ ಪೆಟ್ಟಾಗುತ್ತದೆ. ಮೊಂಡಾದಾಗ ಒತ್ತುತ್ತೇವೆ, ಒತ್ತಿದಾಗ ಜಾರುತ್ತದೆ. ನನ್ನ ಎಡಗೈ ಹೆಬ್ಬೆರಳಿನ ಮೇಲೆ ಇರುವ ಗಾಯದ ಗುರುತುಗಳೆಲ್ಲ ಮೊಂಡು ಚಾಕಿನವೇ.

ಮಡಚುವ ಚಾಕು ಕೊಳ್ಳುವವರು ಒಂದು ಗಮನಿಸಿ. ಬೀಗ ಇಲ್ಲದ ಮಡಚುವ ಚಾಕಿನಿಂದ ಚುಚ್ಚುವ ಕೆಲಸ ಮಾಡಬಾರದು. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕೆಂಪು ಚಾಕು ಎಲ್ಲರಿಗೂ ಗೊತ್ತು. ಅದರಲ್ಲಿ 91 ಮಿ.ಮೀ. ಅಳತೆಯದು ಬಹಳ ಒಳ್ಳೆಯದು, ಕತ್ತರಿಯೂ ಇರುವ ಮಾದರಿ ಸಿಗುತ್ತದೆ. ಆದರೆ ಅದರ ಅಲಗಿಗೆ ಬೀಗ ಇಲ್ಲ, ಸ್ಪ್ರಿಂಗ್ ಬಲದಲ್ಲಿ ನಿಲ್ಲುತ್ತದೆ. ಬೆಲ್ಟಿಗೆ ತೂತು ಮಾಡಲು ಹೋದರೆ ಬೆರಳ ಮೇಲೆ ಮಡಚಿಕೊಳ್ಳುತ್ತದೆ. ತೂತಿಗೆ ಅದರಲ್ಲೇ ಬೇರೆ ಮೊಳೆ ಇದೆ, ಅದನ್ನು ಬಳಸಿ.

ಹೊಸಬ, ಚಿಂತಾಮಣಿ

ಒಪಿನೆಲ್ 8ನೇ ನಂಬರ್ ತಗೊಳ್ಳಲಾ, ಮೋರಾ ಕಂಪಾನಿಯನ್ ತಗೊಳ್ಳಲಾ? ಎರಡೂ ಹೆಸರು ಕೇಳಿದ್ದೇನೆ.

ಅಂತರಗಂಗೆ ಅಕ್ಕ, ಕೋಲಾರ

ನನ್ನ ಹತ್ತಿರ ಎರಡೂ ಇವೆ. ಒಪಿನೆಲ್ ಫ್ರಾನ್ಸಿನದು. ಮರದ ಹಿಡಿ, ಮಡಚುತ್ತದೆ, 8ನೇ ನಂಬರಿನ ಅಲಗು 8.5 ಸೆಂ.ಮೀ. ಕತ್ತಿನ ಹತ್ತಿರ ಇರುವ ಉಂಗುರ ತಿರುಗಿಸಿದರೆ ಬೀಗ. ಅಲಗು ತೆಳ್ಳಗಿದೆ, ಹಣ್ಣು ತರಕಾರಿಗೆ ಅದನ್ನು ಮೀರಿದ್ದಿಲ್ಲ. ಮಳೆಯಲ್ಲಿ ನೆನೆದರೆ ಮರ ಉಬ್ಬಿ ತೆಗೆಯಲು ಬಿಗಿಯಾಗುತ್ತದೆ.

ಮೋರಾ ಸ್ವೀಡನ್ನಿನದು, ಮಡಚುವುದಿಲ್ಲ. ಅಲಗು ಸುಮಾರು 10 ಸೆಂ.ಮೀ., ಪ್ಲಾಸ್ಟಿಕ್ ಒರೆಯಲ್ಲಿ ಟಕ್ ಅಂತ ಕೂರುತ್ತದೆ. ಕಟ್ಟಿಗೆ ಕೆತ್ತುವುದಕ್ಕೆ ಅದು ಮೇಲು. ಇದರ ಉಕ್ಕು ಹಿಡಿಯ ಕೊನೆಯವರೆಗೂ ಹೋಗುವುದಿಲ್ಲ, ಆದರೂ ಕೆತ್ತುವ ಕೆಲಸಕ್ಕೆ ಇಷ್ಟು ವರ್ಷ ಏನೂ ಆಗಿಲ್ಲ. ಸುತ್ತಿಗೆಯ ಹಾಗೆ ಬಡಿಯಬೇಡ, ಅಷ್ಟೇ.

ನಮ್ಮ ಬೆಟ್ಟಗಳಲ್ಲಿ ಬೆಂಕಿ ಹಾಕುವ ಹಾಗಿಲ್ಲ. ಹಾಕಲೂಬಾರದು. ಬೇಸಿಗೆಯಲ್ಲಿ ಒಂದು ಕಿಡಿಗೆ ಇಡೀ ಬೋಳು ಗುಡ್ಡದ ಹುಲ್ಲು ಹತ್ತಿಕೊಳ್ಳುತ್ತದೆ. ಹಾಗಾಗಿ ಕಟ್ಟಿಗೆ ಕೆತ್ತುವ ಕೆಲಸ ನಮಗೆ ಬರುವುದೇ ಕಡಿಮೆ. ಒಪಿನೆಲ್ ಸಾಕು ಅನ್ನಿಸುತ್ತದೆ ನನಗೆ.

ವಾರ್ಡ್ ನರ್ಸ್, ತುಮಕೂರು

ಇಷ್ಟು ಹೊತ್ತು ಓದುತ್ತಿದ್ದೆ. ಈ ವಿಷಯ ಹೇಳದೆ ಇರಲಾರೆ. ಬೆಟ್ಟಕ್ಕೆ ಚಾಕು ಯಾಕೆ ಎಂದರೆ ಇನ್ನೂ ಕೆಲವರು "ಹಾವು ಕಚ್ಚಿದರೆ ಕೊಯ್ದು ರಕ್ತ ಬಿಡಲು" ಅನ್ನುತ್ತಾರೆ. ಕೈಮುಗಿದು ಕೇಳುತ್ತೇನೆ, ಅದನ್ನು ಯಾವತ್ತೂ ಮಾಡಬೇಡಿ. ಕೊಯ್ದರೆ ವಿಷ ಹೊರಗೆ ಬರುವುದಿಲ್ಲ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುತ್ತದೆ. ಅಂಥವರಿಗೆ ಚಾಕಿನಿಂದ ಗೆರೆ ಎಳೆದರೆ ರಕ್ತ ನಿಲ್ಲುವುದೇ ಇಲ್ಲ. ಹಾವಿಗಿಂತ ಚಾಕಿನ ಗಾಯಕ್ಕೆ ಹೆಚ್ಚು ಒದ್ದಾಡಿದವರನ್ನು ನಾನು ನೋಡಿದ್ದೇನೆ.

ಹಗ್ಗ ಬಿಗಿದು ಕಟ್ಟಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಗಡಿಯಾರ, ಕಾಲ್ಗೆಜ್ಜೆ ತೆಗೆಯಿರಿ. ಕಚ್ಚಿದ ಕೈ ಅಥವಾ ಕಾಲನ್ನು ಅಲ್ಲಾಡದಂತೆ ಕೋಲು, ಬಟ್ಟೆ ಇಟ್ಟು ಕಟ್ಟಿ, ನಡೆಸದೆ ಎತ್ತಿಕೊಂಡು ಇಳಿಸಿ. ಆ್ಯಂಟಿವೆನಮ್ ಇರುವ ಆಸ್ಪತ್ರೆಗೆ ಸೀದಾ ಹೋಗಿ, 108ಕ್ಕೆ ಫೋನ್ ಮಾಡಿ. ನಮ್ಮಲ್ಲಿ ಸಿಗುವ ಆ್ಯಂಟಿವೆನಮ್ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಹಾವನ್ನು ಹಿಡಿದು ತರುವ ಅಗತ್ಯ ಇಲ್ಲ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕು ಎಂದು ಮಾಡಿದ್ದಾರೆ. ಅಷ್ಟು ದೊಡ್ಡ ವಿಷಯ ಇದು.

ಇನ್ನು ಚಾಕಿನಿಂದ ಕೈ ಕುಯ್ದುಕೊಂಡರೆ: ಕಾಫಿಪುಡಿ, ಅರಿಶಿನ, ಟೂತ್‌ಪೇಸ್ಟ್ ಏನೂ ಬೇಡ. ಶುಭ್ರ ಬಟ್ಟೆ ಇಟ್ಟು 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಿಂತಿತಾ ಅಂತ ಪದೇ ಪದೇ ತೆಗೆದು ನೋಡಬೇಡಿ. ಆಮೇಲೆ ಕುಡಿಯುವ ನೀರಿನಿಂದ ತೊಳೆದು ಕಟ್ಟಿ. ಬೆರಳು ಮಡಚಲು ಆಗುತ್ತಿಲ್ಲ, ಅಥವಾ ತುದಿ ಜೋಮು ಹಿಡಿದ ಹಾಗಿದೆ ಎಂದರೆ ನರವೋ ಸ್ನಾಯುರಜ್ಜುವೋ ಕತ್ತರಿಸಿರಬಹುದು. ಗಾಯ ಚಿಕ್ಕದು ಅಂತ ಸುಮ್ನೆ ಇರಬೇಡಿ, ಅವತ್ತೇ ತೋರಿಸಿ. ಏನಾದರೂ ಒಳಗೆ ಚುಚ್ಚಿಕೊಂಡು ನಿಂತಿದ್ದರೆ ಕೀಳಬೇಡಿ, ಅಲ್ಲಾಡದಂತೆ ಸುತ್ತ ಬಟ್ಟೆ ಇಟ್ಟು ಕರೆದುಕೊಂಡು ಬನ್ನಿ. ಧನುರ್ವಾಯು ಚುಚ್ಚುಮದ್ದು ಯಾವಾಗ ಹಾಕಿಸಿದ್ದು ಎಂದು ಒಂದು ಕಡೆ ಬರೆದಿಟ್ಟುಕೊಳ್ಳಿ.

ರೇಷ್ಮೆಗೂಡು, ಶಿಡ್ಲಘಟ್ಟ

ಎಲ್ಲರಿಗೂ ತುಂಬಾ ಧನ್ಯವಾದ. 12 ಇಂಚಿನದು ಬಿಟ್ಟೆ. ಅಕ್ಕ ಹೇಳಿದ ಹಾಗೆ ಚೀಟಿ ಬರೆದೆ. ನನ್ನದೂ ಹಣ್ಣು, ದಾರ, ಪೊಟ್ಟಣ, ಅಷ್ಟೇ.

ಆದರೆ ಅಪ್ಪನಿಗೆ ಏನು ಹೇಳಲಿ? ಅವರ ಭಯ ಪ್ರಾಣಿಗಿಂತ ಜಾಸ್ತಿ ಮನುಷ್ಯರದ್ದು. ಯಾರಾದರೂ ಮೈಮೇಲೆ ಬಂದರೆ ಅನ್ನುತ್ತಾರೆ. ನನಗೂ ಒಳಗೊಳಗೆ ಆ ಭಯ ಇದೆ.

ಅಂತರಗಂಗೆ ಅಕ್ಕ, ಕೋಲಾರ

ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ನಾನು ಎರಡು ವರ್ಷ ಬ್ಯಾಗಿನ ಪಕ್ಕದ ಜೇಬಿನಲ್ಲಿ ಚಾಕು ಇಟ್ಟುಕೊಂಡೇ ಓಡಾಡಿದವಳು. ಹಣ್ಣಿಗಲ್ಲ, ಭಯಕ್ಕೆ. ಒಂದು ಸಂಜೆ ಬೆಟ್ಟ ಇಳಿಯುವಾಗ ತಡವಾಯಿತು. ಇಬ್ಬರು ಹಿಂದೆ ಬಂದರು, ಏನೇನೋ ಮಾತಾಡಿದರು, ಹತ್ತಿರ ಬಂದರು. ನನಗೆ ಚಾಕಿನ ನೆನಪೇ ಬರಲಿಲ್ಲ. ಕೈ ತಣ್ಣಗಾಗಿತ್ತು. ಕಾಲು ಮಾತ್ರ ಓಡಿತು. ಕೆಳಗೆ ಹೂವಿನ ಅಂಗಡಿಯ ಅಜ್ಜಿ ಗಂಟು ಕಟ್ಟುತ್ತಿದ್ದರು, ಅವರ ಪಕ್ಕ ಹೋಗಿ ಕೂತೆ. ಆ ಇಬ್ಬರೂ ಬೇರೆ ದಾರಿ ಹಿಡಿದರು. ಅಜ್ಜಿ ಏನೂ ಕೇಳಲಿಲ್ಲ, ನೀರು ಕೊಟ್ಟರು.

ಮನೆಗೆ ಬಂದು ಬಹಳ ಯೋಚಿಸಿದೆ. ಚಾಕು ತೆಗೆದಿದ್ದರೆ? ಅವರು ಇಬ್ಬರು, ನನಗಿಂತ ಬಲ ಇದ್ದವರು. ಕಿತ್ತುಕೊಳ್ಳುತ್ತಿದ್ದರು. ಆಮೇಲೆ ಅದು ಅವರ ಕೈಯಲ್ಲಿ ಇರುತ್ತಿತ್ತು. ಚಾಕು ಇದೆ ಎಂಬ ಧೈರ್ಯದಲ್ಲೇ ನಾನು ಅವತ್ತು ತಡವಾಗಿ ಇಳಿದದ್ದು. ಅದಿಲ್ಲದಿದ್ದರೆ ನಾಲ್ಕು ಗಂಟೆಗೇ ಇಳಿದಿರುತ್ತಿದ್ದೆ.

ಈಗ ಒಬ್ಬಳೇ ಹತ್ತುವುದಿಲ್ಲ. ಕೊರಳಲ್ಲಿ ಸೀಟಿ ಇರುತ್ತದೆ. ಎಲ್ಲಿಗೆ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯಲ್ಲಿ ಬರೆದಿಟ್ಟು ಬರುತ್ತೇನೆ. ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೀರಿದರೆ ತಮ್ಮ ಫೋನ್ ಮಾಡುತ್ತಾನೆ, ಸಿಗದಿದ್ದರೆ 112ಕ್ಕೆ ಹೇಳುತ್ತಾನೆ. ನಿನ್ನ ಅಪ್ಪನಿಗೆ ಈ ಕೆಲಸ ಕೊಡು. ಅವರಿಗೂ ಕೈಯಲ್ಲಿ ಏನೋ ಇದೆ ಅನ್ನಿಸುತ್ತದೆ.

ಕೋರ್ಟ್ ರಸ್ತೆ, ಕೋಲಾರ

ಮೇಡಂ, ನೀವು ಬರೆದದ್ದು ಒಳ್ಳೆಯದಾಯಿತು.

ಕಾನೂನಿನ ಕಡೆಯಿಂದ ಚಿಕ್ಕದಾಗಿ ಹೇಳುತ್ತೇನೆ. ತನ್ನನ್ನು ಕಾಪಾಡಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ, ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂವರೆಗೆ ಅದೇ ವಿಷಯ. ಆದರೆ ಬೇಕಾದಷ್ಟಕ್ಕಿಂತ ಹೆಚ್ಚು ಪೆಟ್ಟು ಕೊಡುವ ಹಕ್ಕಿಲ್ಲ. ಪೊಲೀಸರ ನೆರವು ಪಡೆಯಲು ಹೊತ್ತು ಇದ್ದರೆ ಆ ಹಕ್ಕೂ ಇಲ್ಲ. ಪರ್ಸ್ ಕೇಳಿದವನಿಗೆ ಚಾಕು ಹಾಕಿದರೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವವನು ನೀನೇ ಆಗಬಹುದು. ಪರ್ಸ್ ಕೊಟ್ಟುಬಿಡು.

ಪ್ರಯಾಣದ ವಿಷಯ ಬಿಟ್ಟಿದ್ದೆ. ಬೆಟ್ಟ ಮುಗಿಸಿ ಬೆಂಗಳೂರಿಗೆ ಹೋಗಿ ಮೆಟ್ರೊ ಹತ್ತುವವರು ಚಾಕು ಒಯ್ಯುವಂತಿಲ್ಲ, ಸ್ಕ್ಯಾನರ್‌ನಲ್ಲಿ ತಡೆಯುತ್ತಾರೆ. ವಿಮಾನದಲ್ಲಿ ಕೈಚೀಲದಲ್ಲಿ ಬೇಡ, ಒಳಗೆ ಹಾಕುವ ಲಗೇಜಿನಲ್ಲಿ ಮಾತ್ರ. ಹಿಮಾಲಯಕ್ಕೆ ಹೋಗಲು ದೆಹಲಿಯಲ್ಲಿ ಇಳಿಯುವವರು ಬಟನ್ ಒತ್ತಿದರೆ ತೆರೆಯುವ ಚಾಕು ಒಯ್ಯಬೇಡಿ. ಅಲ್ಲಿ 1980ರಿಂದ ಒಂದು ಅಧಿಸೂಚನೆ ಇದೆ. ಅದರಲ್ಲಿ 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ ಮುಟ್ಟಿದ ಅಂಥ ಚಾಕಿಗೇ ತೊಂದರೆ ಶುರು. ನಮ್ಮ 9 ಇಂಚಿನ ಲೆಕ್ಕ ಹಿಡಿದು ಅಲ್ಲಿ ವಾದಿಸಲು ಆಗುವುದಿಲ್ಲ.

ರೇಷ್ಮೆಗೂಡು, ಶಿಡ್ಲಘಟ್ಟ

ಮೂರು ವಾರ ಆಯಿತು, ಹೇಳಿ ಮುಗಿಸುತ್ತೇನೆ ಅಂತ ಬಂದೆ.

ಕುಲುಮೆ ಮನೆಯವರು ಹೇಳಿದ ಹಾಗೆ ಹುಡುಕಿದೆ. ನಮ್ಮ ಸಂತೆಯ ಹತ್ತಿರವೇ ಒಬ್ಬರು ಅಜ್ಜ ಕುಲುಮೆ ನಡೆಸುತ್ತಾರೆ. ಕಮಾನ್ ಪಟ್ಟಿಯಲ್ಲೇ ಮೂರೂವರೆ ಇಂಚಿನ ಚಾಕು ಮಾಡಿಕೊಟ್ಟರು, ಹೊಂಗೆ ಮರದ ಹಿಡಿ. 300 ರೂಪಾಯಿ ತೆಗೆದುಕೊಂಡರು. ಕೊಡುವಾಗ ಕೈಗೆ ಕೊಡಲಿಲ್ಲ, ಕಲ್ಲಿನ ಮೇಲೆ ಇಟ್ಟು ತಗೋ ಅಂದರು. ನಮ್ಮಜ್ಜಿಯೂ ಹಾಗೇ ಮಾಡುತ್ತಿದ್ದರು. ಒರೆ ಚಪ್ಪಲಿ ಹೊಲಿಯುವವರ ಹತ್ತಿರ ಮಾಡಿಸಿದೆ, ಮೇಲೆ ಗುಂಡಿ ಇರುವ ಪಟ್ಟಿ ಹಾಕಿಸಿದೆ, ಜಾರಿ ಬೀಳುವುದಿಲ್ಲ.

ಸ್ನೇಹಿತನ ಜೊತೆ ಮಧುಗಿರಿ ಹತ್ತಿ ಬಂದೆ. ಚಾಕು ಬ್ಯಾಗಿನ ತಳದಲ್ಲಿ, ಊಟದ ಡಬ್ಬಿಯ ಜೊತೆ. ಮೇಲೆ ಕೂತು ಎರಡು ಸೀಬೆಹಣ್ಣು ಹೆಚ್ಚಿದೆವು. ಇಡೀ ದಿನಕ್ಕೆ ಅದರ ಕೆಲಸ ಅಷ್ಟೇ. ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಎಂದು ಬರೆದುಕೊಟ್ಟ ಚೀಟಿಯನ್ನು ಅಪ್ಪ ಗೋಡೆಗೆ ಅಂಟಿಸಿಕೊಂಡಿದ್ದರು. ಐದು ಗಂಟೆಗೆ ಇಳಿದು ಫೋನ್ ಮಾಡುತ್ತೇನೆ ಎಂದಿದ್ದೆ, ನಾಲ್ಕೂ ಐವತ್ತಕ್ಕೇ ಅವರ ಫೋನ್ ಬಂತು.

ಒಂದು ಸಂದೇಹ. ಸೀಬೆಹಣ್ಣು ಹೆಚ್ಚಿದ ಮೇಲೆ ಒರೆಸಿದ್ದೆ, ಆದರೂ ಅಲಗಿನ ಮೇಲೆ ಬೂದು ಬಣ್ಣದ ಮೋಡದ ಹಾಗೆ ಒಂದು ಕಲೆ ಬಂದಿದೆ. ಉಜ್ಜಿ ತೆಗೆಯಬೇಕಾ?

ಕುಲುಮೆ ಮನೆ, ಮಧುಗಿರಿ

ಬೇಡ. ಅದು ತುಕ್ಕಲ್ಲ. ಹಣ್ಣಿನ ಹುಳಿಗೆ ಉಕ್ಕು ಹಾಗೆ ಕಪ್ಪಾಗುತ್ತದೆ, ಮುಟ್ಟಿದರೆ ಕೈಗೆ ಪುಡಿ ಹತ್ತುವುದಿಲ್ಲ. ಕೆಂಪಗೆ ಪುಡಿ ಹತ್ತಿದರೆ ಮಾತ್ರ ತುಕ್ಕು, ಆಗ ಬೂದಿ ಹಾಕಿ ತೆಂಗಿನ ನಾರಿನಿಂದ ಉಜ್ಜು. ಈ ಬೂದು ಕಲೆ ಇರಲಿ, ಬರಬರುತ್ತಾ ಇಡೀ ಅಲಗಿಗೆ ಹಬ್ಬಿ ತುಕ್ಕನ್ನು ಸ್ವಲ್ಪ ತಡೆಯುತ್ತದೆ. ನಮ್ಮ ತಾತನ ಚಾಕು ಪೂರ್ತಿ ಕಪ್ಪಗಿದೆ. ಅಮ್ಮ ಈಗಲೂ ಅದರಲ್ಲೇ ಅವರೆಕಾಯಿ ತೊಟ್ಟು ತೆಗೆಯುತ್ತಾರೆ.

ಮುಂದಿನ ಸಲ ಮಧುಗಿರಿಗೆ ಬರುವಾಗ ಚಾಕು ತೆಗೆದುಕೊಂಡೇ ಬಾ. ಅಪ್ಪನ ಸಾಣೆಕಲ್ಲು ಇನ್ನೂ ಮನೆಯಲ್ಲಿದೆ, ಮಸೆಯುವ ಓರೆ ಕೈ ಹಿಡಿದು ತೋರಿಸುತ್ತೇನೆ.